ಕುಯ್ಲಿಗೂ ಮಳೆಗೂ ನಿಲ್ಲದ ಓದು

ನವೆಂಬರ್ ಬಂತೆಂದರೆ ಕನ್ನಡ ಪುಸ್ತಕಗಳಿಗೆ ರಿಯಾಯಿತಿ. ಜನ ಕೈತುಂಬ ಕೊಂಡು ತರುತ್ತಾರೆ, ಈ ಸಲ ದಿನಾ ಓದಲೇಬೇಕು ಅಂತ ಗಟ್ಟಿ ಮನಸ್ಸು ಮಾಡುತ್ತಾರೆ. ಅದೇ ನವೆಂಬರಿನಲ್ಲಿ ಮೂಡಿಗೆರೆ, ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಅರೇಬಿಕಾ ಕಾಫಿ ಹಣ್ಣಾಗುತ್ತದೆ. ಬಯಲು ಸೀಮೆಯ ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ರಾಗಿ ಕುಯ್ಲಿಗೆ ಬರುತ್ತದೆ. ತಂದ ಪುಸ್ತಕಗಳಲ್ಲಿ ಒಂದರ ಮೊದಲ ನಲವತ್ತು ಪುಟ ಓದಿ, ಬಸ್ ಟಿಕೆಟನ್ನೋ ಲಗ್ನಪತ್ರಿಕೆಯ ತುಂಡನ್ನೋ ಗುರುತಿಗೆ ಇಟ್ಟು ಮಡಚಿದರೆ, ಮುಂದಿನ ನವೆಂಬರಿನ ತನಕ ಆ ಗುರುತು ಅಲ್ಲಿಂದ ಅಲುಗುವುದಿಲ್ಲ. ಓದುವ ಆಸೆ ಇರುವ ಎಷ್ಟೋ ಮನೆಗಳಲ್ಲಿ ಇದು ವರ್ಷ ವರ್ಷವೂ ಹೀಗೇ ನಡೆಯುತ್ತದೆ. ಕೇಳಿದರೆ "ಎಲ್ಲಿ ಪುರುಸೊತ್ತು, ಈಗ ಮೊದಲಿನ ಹಾಗೆ ಮನಸ್ಸು ನಿಲ್ಲೋದಿಲ್ಲ" ಅನ್ನುತ್ತಾರೆ. ಆದರೆ ಅದೇ ಮನುಷ್ಯ ಬೆಳಿಗ್ಗೆ ಪೇಪರು ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ತನಕ ಹೋಗಿ ನೋಡಿ ಬರುತ್ತಾರೆ. ಓದುವ ಚಪಲ ಬತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಪೇಪರಿಗೆ ದಿನದಲ್ಲಿ ಒಂದು ಜಾಗ ಸಿಕ್ಕಿದೆ, ಪುಸ್ತಕಕ್ಕೆ ಸಿಕ್ಕಿಲ್ಲ. ಸಿಕ್ಕಿದ್ದರೂ ಆ ಜಾಗ ಒಂದು ಋತು ದಾಟಿ ಉಳಿಯುತ್ತಿಲ್ಲ.

ನಮ್ಮ ಸೀಮೆಯ ವರ್ಷ ಒಂದೇ ಸಮ ಇರುವಂಥದ್ದಲ್ಲ. ಕುಯ್ಲಿನ ದಿನಚರಿ ಬೇರೆ, ನೀರು ಹಾಯಿಸುವ ಕಾಲದ್ದು ಬೇರೆ, ಮದುವೆ ಕಾಲದ್ದು ಬೇರೆ, ಆಷಾಢದ್ದು ಬೇರೆಯೇ. ಒಂದು ಋತುವಿಗೆ ಹೊಂದುವಂತೆ ಕಟ್ಟಿದ ಓದು ಮುಂದಿನ ಋತುವಿಗೆ ಬಿದ್ದುಹೋಗುತ್ತದೆ. ವರ್ಷ ಪೂರ್ತಿ ಓದಬೇಕೆಂದರೆ ಋತುವಿಗೊಂದು ಓದುವ ಹೊತ್ತನ್ನು ಮೊದಲೇ ಗೊತ್ತು ಮಾಡಿಟ್ಟುಕೊಂಡಿರಬೇಕು.

21 ದಿನದ ಮಾತು

21 ದಿನ ಬಿಡದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇದರ ಬೇರು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಲ್ಲಿ ಸಿಗುತ್ತದೆ. ಶಸ್ತ್ರಚಿಕಿತ್ಸೆಯಾದ ಮೇಲೆ ರೋಗಿಗಳಿಗೆ ತಮ್ಮ ಹೊಸ ಮುಖ ಒಗ್ಗಲು ಕನಿಷ್ಠ 21 ದಿನವಾದರೂ ಬೇಕಾಗುತ್ತದೆ ಎಂದು ಆತ ಗಮನಿಸಿದ್ದರು. ಕನಿಷ್ಠ ಎಂಬ ಮಾತು ದಾರಿಯಲ್ಲಿ ಎಲ್ಲೋ ಕಳಚಿಹೋಯಿತು, ಸಂಖ್ಯೆ ಮಾತ್ರ ಉಳಿಯಿತು. ನಿಜಕ್ಕೂ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 2010ರಲ್ಲಿ ಅಚ್ಚಾದ ಅವರ ಅಧ್ಯಯನದಲ್ಲಿ 96 ಜನ ತಲಾ ಒಂದು ಹೊಸ ಕೆಲಸವನ್ನು ದಿನದ ಒಂದು ನಿಶ್ಚಿತ ಸಂದರ್ಭಕ್ಕೆ, ಅಂದರೆ ತಿಂಡಿಯಾದ ಮೇಲೆ ಎಂಬಂಥ ಸಂದರ್ಭಕ್ಕೆ, ಕಟ್ಟಿಕೊಂಡು 12 ವಾರ ಮಾಡಿದರು. ಯೋಚಿಸದೆ ತಾನಾಗಿ ಕೈ ಹೋಗುವ ಮಟ್ಟ ಮುಟ್ಟಲು ಬೇಕಾದ ಕಾಲ ಲೆಕ್ಕ ಹಾಕಿದಾಗ ಸರಿಸುಮಾರು 66 ದಿನ ಬಂತು. ಕೆಲವರಿಗೆ 18 ದಿನ ಸಾಕಾದರೆ, ಕೆಲವರಿಗೆ 12 ವಾರ ದಾಟಿ 254 ದಿನದ ತನಕ ಬೇಕಾದೀತು ಎಂದು ಆ ಲೆಕ್ಕ ಹೇಳಿತು. ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ಹಾನಿಯೇನೂ ಆಗಲಿಲ್ಲ.

ಈ 66ನ್ನು ನಮ್ಮ ಕ್ಯಾಲೆಂಡರಿನ ಮೇಲೆ ಇಟ್ಟು ನೋಡಿ. ನವೆಂಬರ್ 1ಕ್ಕೆ ಶುರು ಮಾಡಿದವರ 66ನೇ ದಿನ ಜನವರಿ 5. ಅರೇಬಿಕಾ ಕುಯ್ಲು ಮುಗಿದಿರುವುದಿಲ್ಲ, ಇನ್ನೊಂದು ಬಗೆಯ ಕಾಫಿ ರೊಬಸ್ಟಾ ಎದುರಿಗೆ ನಿಂತಿರುತ್ತದೆ. ಜೂನ್ 1ಕ್ಕೆ, ಮಕ್ಕಳ ಶಾಲೆಯ ಜೊತೆಗೆ ಶುರು ಮಾಡಿದರೆ 66ನೇ ದಿನ ಆಗಸ್ಟ್ 5. ಮಲೆನಾಡಿನಲ್ಲಿ ಕರೆಂಟು ಕಂಬ ಬಿದ್ದು ಎರಡು ಮೂರು ದಿನ ಕತ್ತಲೆಯಲ್ಲಿರುವ ಕಾಲ ಇದೇ. ಅಭ್ಯಾಸ ಇನ್ನೂ ಎಳಸಾಗಿರುವಾಗಲೇ ದಿನಚರಿ ಬುಡಮೇಲಾಗುತ್ತದೆ.

ಬುಡಮೇಲಾದರೆ ಏನಾಗುತ್ತದೆ ಎಂಬುದಕ್ಕೂ ಉತ್ತರವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ವೆಂಡಿ ವುಡ್ ಮತ್ತು ಸಂಗಡಿಗರು 2005ರಲ್ಲಿ, ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಸೇರಿದ ವಿದ್ಯಾರ್ಥಿಗಳಲ್ಲಿ ಮೂರು ಅಭ್ಯಾಸಗಳನ್ನು ಗಮನಿಸಿದರು: ವ್ಯಾಯಾಮ, ಪತ್ರಿಕೆ ಓದುವುದು, ಟಿವಿ ನೋಡುವುದು. ಹೊಸ ಊರಿನಲ್ಲೂ ಹಳೆಯ ಸನ್ನಿವೇಶವೇ ಸಿಕ್ಕವರ ಅಭ್ಯಾಸ ಉಳಿಯಿತು, ಸನ್ನಿವೇಶ ಬದಲಾದವರದು ಕಳಚಿತು. ನಮ್ಮಲ್ಲಿ ಊರು ಬಿಡದೆಯೇ ಸನ್ನಿವೇಶ ವರ್ಷಕ್ಕೆ ನಾಲ್ಕು ಸಲ ಬದಲಾಗುತ್ತದೆ. ಓದು ನಿಂತವರು ತಮ್ಮನ್ನು ತಾವು ಸೋಮಾರಿಗಳೆಂದು ಹಳಿದುಕೊಳ್ಳುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರ ಅಗತ್ಯವೇ ಇಲ್ಲ.

ಕುಯ್ಲು, ಸ್ಪ್ರಿಂಕ್ಲರ್, ಆಷಾಢ

ರಾತ್ರಿ ಒಂಬತ್ತಕ್ಕೆ ಓದುತ್ತೇನೆ ಅಂತ ಗಡಿಯಾರಕ್ಕೆ ಗಂಟು ಹಾಕಿದ ಓದು ಕುಯ್ಲಿನ ಮೊದಲ ವಾರದಲ್ಲೇ ಹೋಗುತ್ತದೆ. ಸಂಜೆ ನಾಲ್ಕೂವರೆ ಐದಕ್ಕೆ ಚೀಲಗಳು ತೂಕಕ್ಕೆ ಬರುತ್ತವೆ. ತೋಟದ ಲೆಕ್ಕ ಇಡುವ ರೈಟರು ಒಬ್ಬೊಬ್ಬರ ಹೆಸರಿನ ಮುಂದೆ ಕೆಜಿ ಬರೆಯಬೇಕು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಇದ್ದರೆ ಅದನ್ನು ಆ ರಾತ್ರಿಯೇ ಓಡಿಸಬೇಕು, ಕಣದಲ್ಲಿ ಹರಡಿದ್ದನ್ನು ಇಬ್ಬನಿಗೆ ಮುಂಚೆ ಗುಡ್ಡೆ ಮಾಡಿ ಟಾರ್ಪಾಲು ಹೊದಿಸಬೇಕು. ಇಷ್ಟಾಗಿ ಸ್ನಾನ, ಊಟ ಮುಗಿಸಿ ಪುಸ್ತಕ ಹಿಡಿದವರಿಗೆ ಎರಡನೇ ಸಾಲಿಗೇ ಕಣ್ಣು ಎಳೆಯುತ್ತದೆ. ಒಂದೇ ಪ್ಯಾರಾವನ್ನು ಮೂರು ಸಲ ಓದಿ, ಬೇಸತ್ತು, ನನಗೆ ಓದುವ ಯೋಗವಿಲ್ಲ ಅಂದುಕೊಳ್ಳುತ್ತಾರೆ. ಕುಯ್ಲಿನ ಮೂರು ನಾಲ್ಕು ತಿಂಗಳು ರಾತ್ರಿಯ ಓದನ್ನು ಪೂರ್ತಿ ಬಿಟ್ಟುಬಿಡುವುದೇ ವಾಸಿ. ಅದು ಬೆಳಗಿಗೆ ಹೋಗಲಿ.

ಬೆಳಗಿನಲ್ಲಿ ಎಲ್ಲಿ ಜಾಗ ಅಂದರೆ, ಮೂಡಿಗೆರೆ ಕಡೆಯ ಒಂದು ತೋಟದ ಮನೆಯ ಬಚ್ಚಲು ಕಣ್ಣಿಗೆ ಕಟ್ಟುತ್ತದೆ. ಆ ಮನೆಯ ಅಜ್ಜಿ ಐದೂವರೆಗೆ ಹಂಡೆ ಒಲೆಗೆ ಬೆಂಕಿ ಹಾಕಿ, ಬಚ್ಚಲಿನ ಹೊರಗೆ ಬಾಗಿಲಿನ ಪಕ್ಕ ಮಣೆ ಹಾಕಿ ಕೂರುತ್ತಿದ್ದರು. ಪುಸ್ತಕ ಇರುತ್ತಿದ್ದುದು ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಲ್ಲಿ, ಡಬ್ಬಿ ಇರುತ್ತಿದ್ದುದು ಬಾಗಿಲ ಮೇಲಿನ ಹಲಗೆಯಲ್ಲಿ. ಕನ್ನಡಕವೂ ಅದರೊಳಗೇ, ಹುಡುಕುವ ಕೆಲಸವಿಲ್ಲ. ಎರಡು ಪುಟಕ್ಕೊಮ್ಮೆ ತಲೆ ಎತ್ತದೆಯೇ ಕಾಲಿನಿಂದ ಸೌದೆಯನ್ನು ಒಳಗೆ ನೂಕುತ್ತಿದ್ದರು. ಹಂಡೆಯಲ್ಲಿ ನೀರು ಸದ್ದು ಮಾಡಲು ಶುರುವಾದರೆ ಇನ್ನೊಂದು ಪುಟ, ಆಮೇಲೆ ಯಾರನ್ನಾದರೂ ಕೂಗಿ "ನೀರು ಕಾದಿದೆ, ಏಳ್ರೋ" ಅಂದು ಪುಸ್ತಕ ಡಬ್ಬಿಗೆ. ಅರ್ಧ ಗಂಟೆಗೆ ಹತ್ತು ಹನ್ನೆರಡು ಪುಟ. ಅಭ್ಯಾಸಕ್ಕೆ ಬೇಕಾದ್ದೆಲ್ಲ ಅಲ್ಲಿತ್ತು. ಬಿಟ್ಟು ಹೋಗಲಾಗದ ಕೆಲಸ, ಕೈಗೆ ಬಿಡುವು, ಪುಸ್ತಕ ಕೈಯಳತೆಯಲ್ಲಿ, ನಿಲ್ಲಿಸುವ ಹೊತ್ತು ಹೇಳಲು ನೀರಿನ ಸದ್ದು. ಮುಂದೆ ಆ ಮನೆಗೆ ಸೋಲಾರ್ ಬಂತು, ಬೆಳಗಿನ ಓದು ಹೋಯಿತು. ಮಳೆಗಾಲದಲ್ಲಿ ಬಿಸಿಲಿಲ್ಲದೆ ಸೋಲಾರ್ ಕೈಕೊಟ್ಟಾಗ ಹಂಡೆಯ ಜೊತೆಗೆ ಪುಸ್ತಕವೂ ವಾಪಸು ಬರುತ್ತಿತ್ತು.

ಹಂಡೆ ಇಲ್ಲದ ಮನೆಯಲ್ಲಿ ಇಂಥದೇ ಇನ್ನೊಂದನ್ನು ಹುಡುಕಿಕೊಳ್ಳಬೇಕು. ಫಿಲ್ಟರಿಗೆ ಡಿಕಾಕ್ಷನ್ ಇಳಿಯುವ ಹೊತ್ತು ಒಳ್ಳೆಯದು, ಹದವಾದ ಪುಡಿಯಾದರೆ ಹದಿನೈದು ನಿಮಿಷವಾದರೂ ಸಿಗುತ್ತದೆ. ಹಾಲಿನ ಡೈರಿಯ ಸಾಲು, ಮಕ್ಕಳ ಟ್ಯೂಷನ್ ಬಿಡುವ ಹೊತ್ತು, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುವುದು ಕೂಡ ಆಗುತ್ತವೆ. ನಿಯಮ ಇಷ್ಟೇ: ಆ ಕೆಲಸ ಆ ಋತುವಿನಲ್ಲಿ ದಿನಾ ಇರಬೇಕು, ಕೈ ಖಾಲಿ ಇರಬೇಕು, ನೀವು ಅಲ್ಲಿಂದ ಕದಲುವಂತಿರಬಾರದು. ಪುಸ್ತಕ ಅದೇ ಜಾಗದಲ್ಲಿ ವಾಸ ಮಾಡಬೇಕು. ಕಪಾಟಿನಿಂದ ತೆಗೆದು ತರುವ ಪುಸ್ತಕವನ್ನು ಅವಸರದ ದಿನ ಯಾರೂ ತರುವುದಿಲ್ಲ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ ರೊಬಸ್ಟಾಗೆ ಸ್ಪ್ರಿಂಕ್ಲರ್. ಪೈಪು ಜೋಡಿಸಿ ಒಂದು ಜಾಗದಲ್ಲಿ ಮೂರು ನಾಲ್ಕು ಗಂಟೆ ಓಡಿಸಿ, ಆಮೇಲೆ ಮುಂದಿನ ಜಾಗಕ್ಕೆ ಎತ್ತಿ ಹಾಕಬೇಕು, ಹಗಲು ರಾತ್ರಿ ಎನ್ನದೆ. ಪಂಪಿನ ಹತ್ತಿರ ಒಬ್ಬರು ಇರಲೇಬೇಕು, ಪೈಪು ಬಿಟ್ಟುಕೊಂಡರೆ ಎಂಜಿನ್ ಸದ್ದು ಬದಲಾಗುತ್ತದೆ. ಕಿವಿ ಸದ್ದಿನ ಮೇಲಿದ್ದು ಕಣ್ಣು ಖಾಲಿ ಇರುವ ಈ ಗಂಟೆಗಳು ಓದಿಗೆ ಹೇಳಿ ಮಾಡಿಸಿದ್ದು. ಈಗ ಅದೆಲ್ಲ ಮೊಬೈಲಿಗೆ ಹೋಗುತ್ತಿದೆ. ಎಷ್ಟೋ ತೋಟಗಳ ಕೆರೆಯಂಚಿನಲ್ಲಿ ಸಿಗ್ನಲ್ ಸಿಗುವುದಿಲ್ಲ, ಅದನ್ನು ಭಾಗ್ಯ ಅಂತಲೇ ತಿಳಿಯಬೇಕು. ತಲೆಗೆ ಕಟ್ಟುವ ಟಾರ್ಚಿನ ಬೆಳಕನ್ನು ಕಡಿಮೆ ಮಾಡಿಟ್ಟರೆ ರಾತ್ರಿಗೂ ಆಗುತ್ತದೆ. ಹುಳ ಮುತ್ತುತ್ತವೆ, ಆದ್ದರಿಂದ ಹಳದಿ ಬೆಳಕಿನದ್ದನ್ನೇ ಕೊಳ್ಳಿ. ಇಲ್ಲಿಗೆ ಕಾದಂಬರಿಗಿಂತ ಸಣ್ಣಕತೆ ಸರಿ, ಯಾವ ಗಳಿಗೆಯಲ್ಲಾದರೂ ಏಳಬೇಕಾಗಬಹುದು. ಸಣ್ಣಕತೆ ಅಂದರೆ ಕಾದಂಬರಿಗೆ ಮುಂಚಿನ ಮೆಟ್ಟಿಲು ಎಂಬ ತಾತ್ಸಾರ ಕೆಲವರಿಗಿದೆ. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ, ಅನುವಾದಕಿ ದೀಪಾ ಭಾಸ್ತಿ ಅವರ ಜೊತೆಗೆ, ಅಂತರರಾಷ್ಟ್ರೀಯ ಬೂಕರ್ ಬಂದದ್ದು ಸಣ್ಣಕತೆಗಳ ಸಂಕಲನಕ್ಕೆ. ಆ ಪ್ರಶಸ್ತಿ ಕಥಾಸಂಕಲನವೊಂದಕ್ಕೆ ಸಂದದ್ದು ಅದೇ ಮೊದಲು. ದಿನಕ್ಕೊಂದು ಕತೆ ಓದುವವರು ಯಾರ ಮುಂದೆಯೂ ಸಂಕೋಚ ಪಡಬೇಕಾಗಿಲ್ಲ.

ಏಪ್ರಿಲ್, ಮೇ ಮದುವೆಗಳ ಕಾಲ. ಆಗ ಎರಡು ಪುಟ ಓದಿದರೆ ಅದೇ ದೊಡ್ಡದು, ಅದಕ್ಕಿಂತ ಹೆಚ್ಚಿಗೆ ಆಸೆಪಡಬೇಡಿ.

ಮಳೆಗಾಲಕ್ಕೆ ಬಿಡುವು ಜಾಸ್ತಿ, ಬೆಳಕು ಕಡಿಮೆ. ಸಂಜೆ ಆರಕ್ಕೆಲ್ಲ ಮನೆಯೊಳಗೆ ಕತ್ತಲು. ಇಲ್ಲಿ ಓದು ನಿಲ್ಲುವುದು ದೀಪವಿಲ್ಲದೆ. ಎರಡು ಚಾರ್ಜಿಂಗ್ ಲೈಟ್ ಇರಲಿ, ಒಂದು ಅಡುಗೆಮನೆಗೆ, ಒಂದು ಓದಿಗೆಂದೇ ಮೀಸಲು. ಒಂದೇ ಇದ್ದರೆ ಅದು ಅಡುಗೆಮನೆಗೇ ಹೋಗುತ್ತದೆ, ಹೋಗಬೇಕಾದ್ದೂ ಅಲ್ಲಿಗೇ. ಓದುವ ದೀಪದ ಬೆಳಕು ಹೆಗಲ ಹಿಂದಿನಿಂದ ಪುಟದ ಮೇಲೆ ಬೀಳಬೇಕು. ಎದುರಿಗೆ ಇಟ್ಟರೆ ಕಣ್ಣಿಗೆ ಹೊಡೆದು ಹತ್ತೇ ನಿಮಿಷಕ್ಕೆ ಆಯಾಸವಾಗುತ್ತದೆ. ದಿನಾ ರಾತ್ರಿ ಊಟಕ್ಕೆ ಕೂರುವ ಮುಂಚೆ ಚಾರ್ಜಿಗೆ ಹಾಕುವುದನ್ನೂ ಅಭ್ಯಾಸದ ಭಾಗ ಅಂತಲೇ ಎಣಿಸಿಕೊಳ್ಳಿ. ಕರೆಂಟು ಹೋದ ಮೇಲೆ ಚಾರ್ಜ್ ಇಲ್ಲ ಅಂತ ಗೊತ್ತಾದರೆ ಅವತ್ತಿನ ಓದು ಹೋದ ಹಾಗೆಯೇ.

ಪುಟದ ಲೆಕ್ಕ

ಸಾಮಾನ್ಯ ಡೆಮಿ 1/8 ಅಳತೆಯ ಕನ್ನಡ ಪುಸ್ತಕದಲ್ಲಿ ಪುಟಕ್ಕೆ ಮೂವತ್ತರ ಆಸುಪಾಸು ಸಾಲು, ಸಾಲಿಗೆ ಏಳೆಂಟು ಪದ. ಒಂದು ಪುಟಕ್ಕೆ ಎರಡು ನಿಮಿಷ ಹಿಡಿದರೆ ತಪ್ಪಾಗುವುದಿಲ್ಲ. ಇಪ್ಪತ್ತು ನಿಮಿಷಕ್ಕೆ 10 ಪುಟ, 250 ಪುಟದ ಕಾದಂಬರಿಗೆ 25 ದಿನ, ವರ್ಷಕ್ಕೆ ಹದಿನಾಲ್ಕು ಪುಸ್ತಕ. ಇದು ಎಲ್ಲ ದಿನವೂ ಒಳ್ಳೆಯ ದಿನವಾದರೆ. ವರ್ಷದಲ್ಲಿ 200 ದಿನ ಹತ್ತು ಪುಟ ಓದಿ, ಉಳಿದ 165 ದಿನ ಬರೀ ಎರಡೆರಡು ಪುಟ ಓದಿದರೂ 2330 ಪುಟವಾಗುತ್ತದೆ, ಅಂದರೆ ಒಂಬತ್ತು ಪುಸ್ತಕ. ಎರಡು ಪುಟದ ದಿನಗಳಿಂದ ಬರುವ ಪುಟ 330 ಮಾತ್ರ. ಆದರೆ ಆ ದಿನಗಳಿಲ್ಲದಿದ್ದರೆ ಹತ್ತು ಪುಟದ ದಿನಗಳೂ ಮುಂದುವರಿಯುವುದಿಲ್ಲ, ಕತೆಯ ಎಳೆ ತಪ್ಪಿ ಪುಸ್ತಕ ಹಿಡಿಯಲು ಕೈ ಹಿಂಜರಿಯುತ್ತದೆ. ಆದ್ದರಿಂದ ದಿನದ ಗುರಿ ಎರಡು ಪುಟವೇ ಇರಲಿ. ಅದರ ಮೇಲೆ ಎಷ್ಟು ಓದಿದರೂ ಸಂತೋಷ, ಮಾರನೆಯ ದಿನದ ಗುರಿ ಮತ್ತೆ ಎರಡೇ. ಉತ್ಸಾಹ ಬಂದಾಗ ಗುರಿಯನ್ನು ಇಪ್ಪತ್ತಕ್ಕೆ ಏರಿಸಿದವರು ಮೊದಲ ಜ್ವರಕ್ಕೋ ಮೊದಲ ನೆಂಟರ ದಂಡಿಗೋ ಪೂರ್ತಿ ಕೈಬಿಡುತ್ತಾರೆ.

ಗುರುತು ಹಾಕಲು ಆ್ಯಪ್ ಬೇಕಿಲ್ಲ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರಿನಲ್ಲೇ ಆ ದಿನದ ಚೌಕದ ಮೂಲೆಗೆ ನಿಂತ ಪುಟದ ಸಂಖ್ಯೆ ಬರೆಯಿರಿ. ಎಷ್ಟು ಓದಿದಿರಿ ಎಂಬುದಕ್ಕಿಂತ ಎಲ್ಲಿ ನಿಂತಿರಿ ಎಂಬುದು ಉಪಯೋಗಕ್ಕೆ ಬರುತ್ತದೆ, ಗುರುತಿನ ಚೀಟಿ ಮಕ್ಕಳ ಕೈಯಲ್ಲಿ ಬಿದ್ದುಹೋದರೂ ಜಾಗ ಸಿಗುತ್ತದೆ. ನಿಲ್ಲಿಸುವಾಗ ಅಧ್ಯಾಯ ಮುಗಿಸಿ ನಿಲ್ಲಿಸಬೇಡಿ, ಹೊಸ ಅಧ್ಯಾಯದ ಒಂದು ಪುಟ ಒಳಗೆ ಹೋಗಿ ನಿಲ್ಲಿಸಿ. ಮುಗಿದ ಅಧ್ಯಾಯ ಮನಸ್ಸಿಗೆ ಸಮಾಧಾನ ಕೊಡುತ್ತದೆ, ಸಮಾಧಾನವಾದ ಮನಸ್ಸು ನಾಳೆ ಪುಸ್ತಕವನ್ನು ಕೇಳುವುದಿಲ್ಲ. ಇನ್ನು ಪುಸ್ತಕ ಹಿಡಿಸದಿದ್ದರೆ 50 ಪುಟಕ್ಕೆ ಬಿಟ್ಟುಬಿಡಿ. ಕಾಸು ಕೊಟ್ಟು ತಂದದ್ದು ಅಂತ ತಿಂಗಳುಗಟ್ಟಲೆ ಒಂದನ್ನೇ ಎಳೆದಾಡುವುದರಿಂದ ನಿಂತ ಓದು ಬಹಳ. ಈ ವಿಷಯದಲ್ಲಿ ಗ್ರಂಥಾಲಯ ಕೈಹಿಡಿಯುತ್ತದೆ, ಇಷ್ಟವಾಗದಿದ್ದರೆ ವಾಪಸು ಕೊಡಬಹುದು, ಕೊಡಬೇಕಾದ ತಾರೀಖು ಓದಿಸುತ್ತದೆ ಕೂಡ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದಾಗಿ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಹೋಗುತ್ತದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಅರಿವು ಕೇಂದ್ರಕ್ಕೆ, ಕಾಲಿಡದವರು ತಾವೇ ಕೊಟ್ಟ ದುಡ್ಡಿನ ಪುಸ್ತಕವನ್ನು ಓದದೆ ಬಿಟ್ಟಿದ್ದಾರೆ.

ಕಣ್ಣು, ಮೊಬೈಲು, ಬಸ್ಸು

ನಲವತ್ತು ದಾಟಿದವರು "ಓದಲು ಮನಸ್ಸೇ ನಿಲ್ಲುವುದಿಲ್ಲ" ಅಂದರೆ ಮೊದಲು ಕಣ್ಣು ತೋರಿಸಿಕೊಳ್ಳಿ ಅನ್ನುತ್ತೇನೆ. ಆ ವಯಸ್ಸಿನಲ್ಲಿ ಕಣ್ಣಿನ ಮಸೂರದ ಮೃದುತನ ಕಡಿಮೆಯಾಗಿ ಹತ್ತಿರದ್ದು ಮಂಜಾಗುತ್ತದೆ. ಕನ್ನಡದಲ್ಲಿ ಮೊದಲು ಕೈಕೊಡುವುದು ಒತ್ತಕ್ಷರ, ಸಾಲಿನ ಕೆಳಗೆ ಚಿಕ್ಕದಾಗಿ ಕೂತಿರುತ್ತದಲ್ಲ, ಮಿದುಳು ಅದನ್ನು ಊಹಿಸಿಕೊಂಡು ಓದುತ್ತಾ ಬೇಗ ದಣಿಯುತ್ತದೆ. ಹಳೆಯ ಅಗ್ಗದ ಆವೃತ್ತಿಗಳಲ್ಲಂತೂ ಅಕ್ಷರ ಇನ್ನೂ ಸಣ್ಣ. ಪೇಪರಿನ ತಲೆಬರಹ ಸಲೀಸಾಗಿ ಓದಿ ಕೆಳಗಿನದನ್ನು ಬಿಡುವವರು, ಪುಸ್ತಕವನ್ನು ತೋಳು ಚಾಚಿ ಹಿಡಿಯುವವರು ಇದೇ ಗುಂಪು. ಚಾಳೀಸು ಹಾಕಿದ ವಾರಕ್ಕೇ ಹತ್ತು ವರ್ಷದ ಹಿಂದೆ ನಿಂತ ಓದು ಮರಳಿ ಬಂದದ್ದುಂಟು. ಎರಡು ಜೊತೆ ಮಾಡಿಸಿ, ಒಂದು ಓದುವ ಜಾಗ ಬಿಟ್ಟು ಕದಲಬಾರದು.

ಮೊಬೈಲಿನ ಬಗ್ಗೆ ಎಲ್ಲರೂ ಹೇಳುತ್ತಾರೆ, ಒಂದೇ ಮಾತು ಸೇರಿಸುತ್ತೇನೆ. ಚಾರ್ಜರನ್ನು ಮಲಗುವ ಕೋಣೆಯಿಂದ ಹಜಾರಕ್ಕೆ ಸಾಗಿಸಿ, ಅದರ ಹಳೆಯ ಜಾಗದಲ್ಲಿ ಪುಸ್ತಕ ಇಡಿ. ಬೆಳಿಗ್ಗೆ ಎದ್ದ ಕೂಡಲೇ ಕೈ ಹೋಗುವುದು ಅಲ್ಲಿಗೇ.

ಬಸ್ಸಿನ ಓದು ದಾರಿಯನ್ನು ನೋಡಿಕೊಂಡು. ಬಯಲಿನ ನೇರ ರಸ್ತೆಯಲ್ಲಿ ಸಾಗುತ್ತದೆ. ಚಾರ್ಮಾಡಿ, ಶಿರಾಡಿ ಘಾಟಿಯಲ್ಲಿ ಹಟ ಬೇಡ: ಒಳಕಿವಿ ತಿರುವುಗಳನ್ನು ಹೇಳುತ್ತಿರುತ್ತದೆ, ಪುಟದ ಮೇಲಿನ ಕಣ್ಣು ಕದಲುತ್ತಿಲ್ಲ ಅನ್ನುತ್ತಿರುತ್ತದೆ, ಎರಡೂ ಹೊಂದದೆ ಹೊಟ್ಟೆ ತೊಳಸುತ್ತದೆ. ಒಮ್ಮೆ ಹಾಗಾದರೆ ಆ ಪುಸ್ತಕದ ವಾಸನೆ ಕಂಡರೂ ಆಗದಂತಾಗಬಹುದು. ರೈಲು ಎಲ್ಲಕ್ಕಿಂತ ಉತ್ತಮ. 2017ರಿಂದ ಹಾಸನದಿಂದ ಬೆಂಗಳೂರಿಗೆ ಚನ್ನರಾಯಪಟ್ಟಣ, ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ಹಳಿ ಇದೆ, ಒಂದು ಹೋಗಿಬರುವಷ್ಟರಲ್ಲಿ ತೆಳ್ಳಗಿನ ಒಂದು ಪುಸ್ತಕ ಮುಗಿಯುತ್ತದೆ.

ಬೂಷ್ಟು

ಮಲೆನಾಡಿನಲ್ಲಿ ಓದು ಕೆಡುವುದಕ್ಕೆ ಪುಸ್ತಕವೇ ಕೆಡುವುದೂ ಒಂದು ಕಾರಣ. ಗಾಳಿಯ ತೇವ ಶೇ 65 ದಾಟಿ ಹಾಗೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ನಮ್ಮ ಜುಲೈ ಅದನ್ನು ಮೀರಿಯೇ ಇರುತ್ತದೆ. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಪುಸ್ತಕಗಳನ್ನು ಬಿಗಿಯಾಗಿ ತುರುಕಬೇಡಿ, ನಡುವೆ ಗಾಳಿ ಆಡಬೇಕು. ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟರೆ ಒಳಗಿನ ತೇವ ಒಳಗೇ ಉಳಿದು ಇನ್ನೂ ಕೆಡುತ್ತದೆ. ಬೇವಿನ ಎಲೆ ಇಡುವುದಾದರೆ ಗರಿಗರಿ ಒಣಗಿದ್ದು ಮಾತ್ರ. ನುಸಿಗುಳಿಗೆಯ ವಾಸನೆ ಉಸಿರಿಗೆ ಒಳ್ಳೆಯದಲ್ಲ, ಓದುವ ಪುಸ್ತಕದ ಹತ್ತಿರ ಬೇಡ. ಬೂಷ್ಟು ಬಂದೇಬಿಟ್ಟರೆ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಕಲೆ ಒಳಗಿಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು, ಪುಸ್ತಕವನ್ನು ಗಾಳಿಯಾಡುವ ನೆರಳಿನಲ್ಲಿ ಬಿಡಿಸಿ ನಿಲ್ಲಿಸಿ, ಪೂರ್ತಿ ಒಣಗಿದ ಮೇಲೆ ಮನೆಯ ಹೊರಗೆ ಮೆತ್ತಗಿನ ಬ್ರಷ್ಷಿನಿಂದ ಬೆನ್ನಿನ ಕಡೆಯಿಂದ ಅಂಚಿನ ಕಡೆಗೆ ಕೊಡವಿ. ಉರಿಬಿಸಿಲಿಗೆ ಇಟ್ಟರೆ ಕಾಗದ ಹಳದಿಯಾಗಿ ಅಂಟು ಬಿಡುತ್ತದೆ. ದಿನಾ ತೆರೆಯುವ ಪುಸ್ತಕಕ್ಕೆ ಬೂಷ್ಟು ಅಷ್ಟು ಸುಲಭಕ್ಕೆ ಹತ್ತುವುದಿಲ್ಲ ಎಂಬುದನ್ನು ಮಳೆಗಾಲ ಕಂಡ ಯಾರಾದರೂ ಹೇಳುತ್ತಾರೆ.

ನಿಂತ ಮೇಲೆ

ಎಷ್ಟು ಕಟ್ಟುನಿಟ್ಟಾಗಿದ್ದರೂ ಯಾವುದೋ ಸಾವು, ಯಾವುದೋ ಆಸ್ಪತ್ರೆ, ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಬಂದು ಎರಡು ಮೂರು ವಾರ ಓದು ನಿಲ್ಲುತ್ತದೆ. ಆಗ ಪುಸ್ತಕವನ್ನು ಮೊದಲಿನಿಂದ ಶುರು ಮಾಡಬೇಡಿ, ಅದೇ ನಲವತ್ತು ಪುಟವನ್ನು ಮೂರನೇ ಸಲ ಓದಿ ಬೇಸತ್ತವರೇ ಹೆಚ್ಚು. ಕ್ಯಾಲೆಂಡರಿನಲ್ಲಿ ಬರೆದ ಕೊನೆಯ ಪುಟದಿಂದ ಹತ್ತು ಪುಟ ಹಿಂದಕ್ಕೆ ಹೋಗಿ ಅಲ್ಲಿಂದ ಓದಿ. ಅಷ್ಟರಲ್ಲಿ ಪಾತ್ರಗಳು ಯಾರು, ಯಾರಿಗೆ ಯಾರು ಏನಾಗಬೇಕು ಎಂಬುದು ನೆನಪಿಗೆ ಬಂದರೆ ಮುಂದುವರಿಸಿ. ಬರದಿದ್ದರೆ ಆ ಪುಸ್ತಕವನ್ನು ಕಪಾಟಿಗೆ ಸೇರಿಸಿ, ಹದಿನೈದು ಪುಟದೊಳಗೆ ಮುಗಿಯುವ ಒಂದು ಕತೆ ತೆಗೆದುಕೊಂಡು ಅವತ್ತೇ ಮುಗಿಸಿ. ಮಾರನೆಯ ದಿನ ಇನ್ನೊಂದು. ವಾರ ಕಳೆದ ಮೇಲೆ ಬೇಕೆನಿಸಿದರೆ ಆ ಕಾದಂಬರಿಯನ್ನು ಮತ್ತೆ ಇಳಿಸಿಕೊಳ್ಳಬಹುದು.